ಹಡಗಿನ ಐದು ಗಂಟೆ

ಮೂವತ್ತಾರು ವರ್ಷ ರೈಲ್ವೆಯಲ್ಲಿ ಗಾರ್ಡ್ ಆಗಿದ್ದ ಅಂದಾನಿಗೆ ಒಂದು ಜಂಬವಿತ್ತು. ತನ್ನಿಂದಾಗಿ ಒಂದು ಗಾಡಿಯೂ ಒಂದು ನಿಮಿಷ ತಡವಾಗಿಲ್ಲ ಅನ್ನುವುದು. ಚೆನ್ನೈನ ಪೋರೂರಿನ ಅವರ ಮನೆಗೆ ಕಾಫಿಗೆ ಬಂದವರು ಇದನ್ನು ಕೇಳದೆ ಎದ್ದು ಹೋದದ್ದೇ ಇಲ್ಲ. ಹೆಂಡತಿ ಪ್ರೇಮಮ್ಮ ಒಳಗಿನಿಂದಲೇ "ಶುರು ಆಯ್ತು" ಅನ್ನುತ್ತಿದ್ದಳು.

ಇಂಥವರ ತಂಗಿ ಸಾಕಮ್ಮ ಮೈಸೂರಿನ ಹೆಂಗಸರ ಗುಂಪಿನ ಜೊತೆ ಹಡಗಿನ ಪ್ರವಾಸ ಹೊರಟಿದ್ದಳು. ಥಾಯ್ಲೆಂಡಿನಿಂದ ಬಂದ ಹಡಗು ಭಾನುವಾರ ಒಂದು ಹಗಲು ಚೆನ್ನೈ ಬಂದರಿನಲ್ಲಿ ನಿಂತು, ಮುಂದೆ ಕೊಲಂಬೊಗೆ ಹೋಗುವುದಿತ್ತು. ಆ ಒಂದು ಹಗಲಲ್ಲಿ ಎಲ್ಲಿಗೆ ಹೋಗುವುದು? ಜೊತೆಯ ಹೆಂಗಸರೆಲ್ಲ ಮಹಾಬಲಿಪುರದ ಬಸ್ಸಿಗೆ ಹೆಸರು ಕೊಟ್ಟಿದ್ದರು. ಪ್ರೇಮಮ್ಮ "ತ್ರಿಪ್ಲಿಕೇನಿನ ಪೆರುಮಾಳ್ ದರ್ಶನ ಮಾಡ್ಸಿ ಮನೇಗೆ ಕರ್ಕೊಂಡ್ ಬನ್ನಿ, ಬಸ್ಸಾರು ಮಾಡಿರ್ತೀನಿ" ಅಂದಳು. ಸಾಕಮ್ಮ ಮಾತ್ರ ಹಡಗಿನವರು ಕೊಟ್ಟ ಪ್ರವಾಸಗಳ ಪಟ್ಟಿಯಲ್ಲಿ ಒಂದನ್ನು ನೋಡಿ, ಹಿಂದಿನ ದಿನವೇ ಫೋನ್ ಮಾಡಿದ್ದಳು.

"ಅಣ್ಣ, ಎಗ್ಮೋರಿಂದ ಚೆಂಗಲ್ಪಟ್ಟಿಗೆ ಹಳೇ ಉಗಿ ಗಾಡಿ ಅಂತೆ. ಕೆರೆ ಪಕ್ಕದಲ್ಲೇ ಹೋಗುತ್ತಂತೆ. ನಿನ್ ಗಾಡೀಲಿ ಒಂದ್ಸಲ ಕೂರಿಸ್ತೀನಿ ಅಂದಿದ್ದೆ, ನೆನಪೈತಾ?"

ನೆನಪಿಲ್ಲದೆ ಏನು? ಅವಳಿಗೆ ಹನ್ನೆರಡು ವರ್ಷವಿದ್ದಾಗ ಕೊಟ್ಟ ಮಾತು. ಈ ಸಲ ಆಗಲ್ಲ, ಮುಂದಿನ ಸಲ ಅನ್ನುತ್ತಲೇ ಅವರು ರಿಟೈರ್ ಆದರು, ಅವಳಿಗೆ ಅರವತ್ತೆಂಟಾಯಿತು.

"ಹಡಗಿನವರ ಟಿಕೆಟ್ ಮಾತ್ರ ಬೇಡ ಕಣೆ," ಅಂದರು ಅಂದಾನಿ. "ನಮ್ ಇಲಾಖೆ ಗಾಡಿ ತೋರ್ಸೋಕೆ ಅವರ್ಯಾರು? ನಾನ್ ಕರ್ಕೊಂಡ್ ಹೋಗ್ತೀನಿ."

ಸರಿ, ಭಾನುವಾರ ಬೆಳಿಗ್ಗೆ ಮೂವರೂ ಎಗ್ಮೋರ್ ಪ್ಲಾಟ್‌ಫಾರ್ಮಿನಲ್ಲಿ ನಿಂತರು. ಎಂಜಿನ್ನು ಬುಸ್ಸೆಂದು ಹೊಗೆ ಬಿಡುತ್ತಿತ್ತು. ಗಾಡಿ ಹೊರಡುವ ಮೊದಲು ಕೈಗಡಿಯಾರವನ್ನು ಸ್ಟೇಷನ್ ಗಡಿಯಾರಕ್ಕೆ ಹೊಂದಿಸಿಕೊಳ್ಳುವುದು ಗಾರ್ಡುಗಳ ಪದ್ಧತಿ. ಅಂದಾನಿ ತಮ್ಮದನ್ನು ನೋಡಿಕೊಂಡರು, ಹೆಂಡತಿಯದನ್ನು ನೋಡಿದರು, ತಂಗಿಯದನ್ನು ನೋಡಿ ಹೌಹಾರಿದರು.

"ಏನೇ ಇದು! ಒಂದೂವರೆ ಗಂಟೆ ಫಾಸ್ಟು!"

"ಹಡಗಲ್ಲಿ ಹಂಗೇ ಇಟ್ಕೊಳಿ ಅಂತ..."

"ಸುಮ್ನಿರೇ. ಎಗ್ಮೋರ್ ಗಡಿಯಾರಕ್ಕಿಂತ ನಿನ್ ಹಡಗು ದೊಡ್ಡದಾ?" ಎಂದು ಅವಳ ಕೈ ಹಿಡಿದು ತಾವೇ ಮುಳ್ಳು ಹಿಂದಕ್ಕೆ ತಿರುಗಿಸಿದರು. ಐದು ಗಂಟೆಗೆ ಹಡಗು ಹತ್ತಬೇಕು, ಐದೂವರೆಗೆ ಅದು ಹೊರಡುತ್ತದೆ, ತಾನೇ? ಗಾಡಿ ಎರಡೂಕಾಲಿಗೆಲ್ಲ ವಾಪಸ್ಸು. ಬಸ್ಸಾರು ಉಂಡು ಹೋದರೂ ಹೊತ್ತು ಉಳಿಯುತ್ತದೆ.

ಹೋಗುವಾಗಿನ ಸುಖವನ್ನು ಏನು ಹೇಳಲಿ! ಕೆರೆ ಬಂದಾಗ ಸಾಕಮ್ಮ ಕಿಟಕಿಗೆ ಮುಖ ಕೊಟ್ಟು, ಕಣ್ಣಿಗೆ ಕಲ್ಲಿದ್ದಲ ಪುಡಿ ಬಿದ್ದರೂ ಸರಿಯಲಿಲ್ಲ. ಅಂದಾನಿ ಒಂದೊಂದು ಸಿಗ್ನಲ್ಲಿನ ಚರಿತ್ರೆ ಹೇಳಿದರು. ಅವಳು ಎಲ್ಲದಕ್ಕೂ ಹೂಂ ಅಂದಳು.

ಬರುವಾಗ ಮಾತ್ರ ಗಾಡಿ ಕುಂಟಿತು. ಗಿಂಡಿ ಸ್ಟೇಷನ್ನಿಗೆ ಇನ್ನೊಂದು ಫರ್ಲಾಂಗು ಇದೆ ಅನ್ನುವಾಗ ಸಿಗ್ನಲ್ ಸಿಗದೆ ನಿಂತೇಬಿಟ್ಟಿತು. ಆಗಲೇ ಎರಡೂ ಮುಕ್ಕಾಲು. ಬೇಜಾರಿಗೆ ನಾದಿನಿಯ ಕೊರಳಿನ ಹಡಗಿನ ಕಾರ್ಡನ್ನು ತಿರುವಿ ನೋಡುತ್ತಿದ್ದ ಪ್ರೇಮಮ್ಮ ಕೇಳಿದಳು:

"ಏನ್ರೀ, ಐದು ಗಂಟೆ ಅಂತ ಬರ್ದು, ಕೆಳಗೆ ಸಣ್ಣಕ್ಷರದಲ್ಲಿ 'ಹಡಗಿನ ಸಮಯ' ಅಂತ ಹಾಕವ್ರೆ. ಹಡಗಿಗೆ ಬೇರೆ ಸಮಯ ಇರುತ್ತಾ?"

ಅಂದಾನಿಗೆ ಬೆಳಿಗ್ಗೆ ತಾವೇ ಹಿಂದಕ್ಕೆ ತಿರುಗಿಸಿದ ಒಂದೂವರೆ ಗಂಟೆ ನೆನಪಾಯಿತು. ಹಡಗು ಥಾಯ್ಲೆಂಡಿನ ಗಡಿಯಾರವನ್ನೇ ಇಟ್ಟುಕೊಂಡಿದೆ. ಅವರ ಐದು ಅಂದರೆ ನಮ್ಮ ಮೂರೂವರೆ. ತಂಗಿಯ ಪಾಸ್‌ಪೋರ್ಟು, ಬಿಪಿ ಮಾತ್ರೆ, ಬಟ್ಟೆ ಎಲ್ಲ ಹಡಗಿನಲ್ಲಿ. ಅದು ಹೋಗಿಬಿಟ್ಟರೆ ಕೊಲಂಬೊಗೆ ಗಾಡಿ ಹತ್ತಿಸುವುದಕ್ಕಾಗುತ್ತದೆಯೇ?

"ಇಳೀರಿ, ಆಟೋ ಹಿಡಿಯೋಣ!" ಎಂದು ಬಾಗಿಲಿಗೆ ಹೋದರು. ಹಳಿಯ ಮೇಲೆ ಇಳಿಯುವವರಿಗೆ ಮೂವತ್ತಾರು ವರ್ಷ ಬೈದ ಮನುಷ್ಯ ಒಂದು ಕಾಲು ಕೆಳಗೆ ಬಿಟ್ಟೇಬಿಟ್ಟರು. ಪ್ರೇಮಮ್ಮ ಅಂಗಿ ಹಿಡಿದು ಜಗ್ಗಿದಳು.

"ಸೊಂಟ ಮುರ್ಕೊಂಡ್ರೆ ಆಸ್ಪತ್ರೆಗೂ ಅದೇ ಆಟೋನಾ? ಕೂತ್ಕೊಳ್ರಿ!"

"ನಾನೇ ಕೆಡಿಸ್ದೆ ಕಣೆ. ಅವಳು ಹೇಳಕ್ ಬಂದ್ಲು, ನಾನು ಬಾಯಿ ಮುಚ್ಚಿಸ್ದೆ," ಎಂದರು ಅಂದಾನಿ.

ಸಾಕಮ್ಮ ಮೆಲ್ಲಗೆ ಅಂದಳು, "ಅಣ್ಣ, ಪಕ್ಕದ ಡಬ್ಬೀಲಿ ನಮ್ ಹಡಗಿನವರೇ ಅಲ್ವಾ ಇರೋದು? ನೀನು ಬೇಡ ಅಂದ್ಯಲ್ಲ, ಆ ಟಿಕೆಟ್‌ನೋರು."

ಗಾಡಿ ಗಿಂಡಿ ಪ್ಲಾಟ್‌ಫಾರ್ಮಿಗೆ ತೆವಳಿದ್ದೇ ತಡ, ಮೂವರೂ ಪಕ್ಕದ ಡಬ್ಬಿಗೆ ಓಡಿ ಹತ್ತಿದರು. ಎದೆಗೆ ಹಳದಿ ಚೀಟಿ ಅಂಟಿಸಿಕೊಂಡ ನಲವತ್ತು ಮಂದಿ ಹಾಯಾಗಿ ಸಮೋಸ ತಿನ್ನುತ್ತಿದ್ದರು. ಅವರ ಗೈಡು ಮಾಧವಿ ಎಂಬ ಹುಡುಗಿ ಸಾಕಮ್ಮನ ಕಾರ್ಡು ನೋಡಿ ನಕ್ಕುಬಿಟ್ಟಳು.

"ಕವಲೈಪಡಾದೀಂಗ ಸಾರ್. ಇವಂಗ ಇಲ್ಲಾಮ ಕಪ್ಪಲ್ ಕಿಳಂಬಾದು."

ಚಿಂತೆ ಬೇಡ, ಈ ಗುಂಪಿನವರಿಲ್ಲದೆ ಹಡಗು ಹೊರಡುವುದಿಲ್ಲ ಎಂದು ತಮಿಳಿನಲ್ಲಿ ಅಂದಳು. ಹಡಗಿನವರ ಟಿಕೆಟ್ಟಿನಲ್ಲಿ ಹೋದವರಿಗೆ ಹಡಗು ಕಾಯುತ್ತದೆ, ಒಬ್ಬರೇ ಹೋದವರಿಗೆ ಕಾಯುವುದಿಲ್ಲ. ಅಲ್ಲೇ ಹಡಗಿಗೆ ಫೋನ್ ಮಾಡಿ ಸಾಕಮ್ಮನ ಹೆಸರನ್ನೂ ಸೇರಿಸಿ, ಒಂದು ಹಳದಿ ಚೀಟಿ ಅಂಟಿಸಿದಳು. ಅಂದಾನಿ ಸೀಟಿಗೆ ಕುಸಿದು ಉಸ್ಸಪ್ಪಾ ಎಂದರು. ಯಾರೋ ಕೊಟ್ಟ ಸಮೋಸವನ್ನು ಬೇಡವೆನ್ನದೆ ತಿಂದರು.

ಎಗ್ಮೋರಿನಲ್ಲಿ ಬಸ್ಸು ಕಾದಿತ್ತು. ಹತ್ತುವ ಮೊದಲು ಸಾಕಮ್ಮ ಕೈ ಚಾಚಿದಳು.

"ಸರಿ ಮಾಡ್ಕೊಡು. ಕೆಡಿಸಿದ್ದು ನೀನೇ."

ಅಂದಾನಿ ಮುಳ್ಳನ್ನು ಒಂದೂವರೆ ಗಂಟೆ ಮುಂದಕ್ಕೆ ತಿರುಗಿಸಿದರು.

"ಗಾಡಿ ಚೆನ್ನಾಗಿತ್ತು ಅಣ್ಣ. ಹಡಗು ಬಿಟ್ಟೋಗಿದ್ರೂ ಬೇಜಾರಾಗ್ತಿರ್ಲಿಲ್ಲ."

"ಸಾಕು, ಬಸ್ಸು ಹತ್ತೇ!" ಎಂದು ಗದರಿದವರು, ಬಸ್ಸು ತಿರುಗುವ ತನಕ ಕಣ್ಣೊರೆಸಿಕೊಳ್ಳಲಿಲ್ಲ.

ಮನೆಗೆ ಹೋಗೋಣ ಎಂದು ಪ್ರೇಮಮ್ಮ ಅಂದರೆ ಅಂದಾನಿ ಕೇಳಲಿಲ್ಲ. ಆಟೋದಲ್ಲಿ ಹೆಂಡತಿಯನ್ನು ಕೂರಿಸಿಕೊಂಡು ಬಂದರಿನ ಗೇಟಿನ ಹೊರಗೆ ಹೋಗಿ ನಿಂತರು. ಮೂರೂವರೆಗೆ ಐದು ನಿಮಿಷ ಇರುವಾಗ ಸಾಕಮ್ಮನ ಫೋನ್ ಬಂತು, ಹತ್ತಿದೆ ಅಂತ. ಆದರೂ ಕದಲಲಿಲ್ಲ. ನಾಲ್ಕಕ್ಕೆ, ಅಂದರೆ ಅವರ ಐದೂವರೆಗೆ ಸರಿಯಾಗಿ, ಹಡಗು ಭೋಂ ಎಂದು ಕೂಗಿತು. ಅಂದಾನಿ ಹಳೆಯ ಅಭ್ಯಾಸದಂತೆ ಕೈಗಡಿಯಾರ ನೋಡಿಕೊಂಡು, "ರೈಟ್ ಟೈಮ್" ಎಂದರು.

"ಯಾರ್ದು ರೈಟು? ನಿಮ್ದಾ?" ಅಂದಳು ಪ್ರೇಮಮ್ಮ.

"ಅವಳ್ದು ಕಣೆ," ಎಂದರು ಅಂದಾನಿ. "ನಡಿ, ಬಸ್ಸಾರು ಬಿಸಿ ಮಾಡು."