ಎದುರು ಪಕ್ಷದ ಜೋಡಿ

ಇಡ್ರಿಸ್ ಪ್ರಾಸರ್ ಗೆಳೆಯ ರೋಲಂಡ್ ಥಾರ್ನ್‌ಬಿಯ ಸಮಾಧಿ ಗುಂಡಿಗೆ ಹಿಡಿ ಮಣ್ಣು ಹಾಕಿ ಇನ್ನೂ ಕೈ ಒರೆಸಿಕೊಂಡಿರಲಿಲ್ಲ, ಅವನ ಪಕ್ಷದ ಸಚೇತಕ ಕಟ್ಲರ್ ಹಿಂದಿನಿಂದ ತೋಳು ಹಿಡಿದ.

"ಕಾರು ಚರ್ಚಿನ ಹೊರಗಡೆನೇ ಇದೆ. ಬೇಗ ಹೊರಟ್ರೆ ಸಂಜೆ ಪಾರ್ಲಿಮೆಂಟ್ ವೋಟಿಗೆ ಲಂಡನ್ ಸೇರ್ಬಹುದು."

"ನಾನು ಬರಲ್ಲ ಕಣಯ್ಯಾ. ನನ್ನ ಜೋಡಿ ಇಲ್ಲಿ ಮಲಗಿದಾನೆ."

"ಸತ್ತೋರ ಜೊತೆ ಎಂಥಾ ಜೋಡಿ ಸಾರ್! ಕಲ್ಲಿದ್ದಲ ಧೂಳು ಕುಡಿದು ಸಾಯೋರಿಗೆ ಪರಿಹಾರ ಕೊಡಿ ಅಂತ ವರ್ಷಗಟ್ಟಲೆ ಗಂಟಲು ಹರ್ಕೊಂಡೋರು ನೀವೇ. ಇವತ್ತು ಆ ಮಸೂದೆ ಒಂದು ವೋಟಲ್ಲಿ ಬಿದ್ದೋದ್ರೆ?"

ಇಡ್ರಿಸನ ಸ್ವಂತ ತಮ್ಮ ಆ ಧೂಳಿನಿಂದಲೇ ಕೆಮ್ಮಿ ಕೆಮ್ಮಿ ಸತ್ತಿದ್ದ. ಈಗ ವಾದ ಮಾಡಲೂ ತ್ರಾಣವಿಲ್ಲದೆ, ಟೀಗೆಂದು ಸತ್ತವನ ಮನೆಯತ್ತ ಹೊರಟ ಜನರ ಹಿಂದೆ ಕಾಲೆಳೆದುಕೊಂಡು ನಡೆದ.

* * *

ಥಾರ್ನ್‌ಬಿ ಮನೆತನಕ್ಕೆ ಬ್ಯಾಂಕೇ ಕುಲದೇವರು. ಪೂಜೆ ಅಣ್ಣಂದಿರ ಪಾಲಿಗೆ ಬಂತು. ಕೂಡಿಸೆಂದರೆ ಕಳೆಯುತ್ತಿದ್ದ ಕಿರಿಯ ರೋಲಂಡನನ್ನು ಪಾರ್ಲಿಮೆಂಟಿಗೆ ಸಾಗಹಾಕಿದರು. ಅಲ್ಲೂ ಅವನು ಮಂತ್ರಿಯಾಗಲಿಲ್ಲ, ಯಾರೂ ನೆನಪಿಡುವಂಥ ಭಾಷಣ ಮಾಡಲಿಲ್ಲ, ಹಿಂದಿನ ಬೆಂಚಿನಲ್ಲಿ ಕೂತೇ ಮುದುಕನಾದ. ಹಿಂದೆ ಗಣಿ ಕಾರ್ಮಿಕನಾಗಿದ್ದ ಎದುರು ಪಕ್ಷದ ಸದಸ್ಯ ಇಡ್ರಿಸ್ ಅವನ ಜೋಡಿ. ಒಬ್ಬ ಬರಲಾಗದ ದಿನ ಇನ್ನೊಬ್ಬನೂ ಮತ ಹಾಕಬಾರದು, ಆಗ ಯಾರ ಕಡೆಗೂ ನಷ್ಟವಿಲ್ಲ. ಎಲ್ಲ ಬರೀ ಬಾಯಿಮಾತಿನ ಒಪ್ಪಂದ.

ಬ್ಯಾಂಕುಗಳ ಮೇಲೆ ಹೊಸ ತೆರಿಗೆ ಮತಕ್ಕೆ ಬಂದ ದಿನ ಇಡ್ರಿಸನ ಹೆಂಡತಿ ಆಸ್ಪತ್ರೆಯಲ್ಲಿ ಕೊನೆಯುಸಿರು ಎಳೆಯುತ್ತಿದ್ದಳು. ಹೋಗಿ ವಿರುದ್ಧ ಮತ ಹಾಕೆಂದು ಅಣ್ಣಂದಿರು ರೋಲಂಡನ ಮನೆಗೇ ಬಂದು ಕೂತರು.

"ಉಂಡ ಮನೆ ಜಂತೆ ಎಣಿಸ್ತೀಯೇನೋ?"

"ಅವನ ಹೆಂಡ್ತಿ ಸಾಯ್ತಿದಾಳೆ. ನಾನು ಹೋಗಲ್ಲ," ಎಂದ ರೋಲಂಡ್.

ತೆರಿಗೆ ಒಂದೇ ಮತದಿಂದ ಪಾಸಾಯಿತು. ಅಣ್ಣಂದಿರು ಮತ್ತೆ ಅವನ ಹೊಸಿಲು ತುಳಿಯಲಿಲ್ಲ. ಇವತ್ತೂ ಹೂವು ಕಳಿಸಿ ಕೈ ತೊಳೆದುಕೊಂಡಿದ್ದರು.

* * *

ರೋಲಂಡನ ಹೆಂಡತಿ ಹೆಸ್ಟರ್ ಟೀ ಬಗ್ಗಿಸುತ್ತಿದ್ದಳು. ಬೆಳಗಿನಿಂದ ಸಮಾಧಾನದ ಮಾತು ಕೇಳಿ ಕೇಳಿ ಅವಳ ಮುಖ ಸೋತುಹೋಗಿತ್ತು.

"ಕಟ್ಲರ್ ಎಲ್ಲಾ ಹೇಳಿದ್ರು. ಹೋಗಿ ಬನ್ನಿ ಇಡ್ರಿಸ್."

"ಹೆಂಗೆ ಹೋಗ್ಲಿ ಹೆಸ್ಟರ್? ಅವನಿದ್ದಿದ್ರೆ ವಿರುದ್ಧ ಹಾಕೋನು. ಅವನಿಗೆ ಬರೋಕಾಗಲ್ಲ ಅಂತ ಗೊತ್ತಿದ್ದೂ ನಾನು ಹೋಗಿ ವೋಟು ಹಾಕಿದ್ರೆ, ನನಗೆ ಅವನು ಮಾಡದ ಮೋಸ ನಾನು ಅವನಿಗೆ ಮಾಡ್ದಂಗೆ."

ಹೆಸ್ಟರ್ ಬಟ್ಟಲಿಗೆ ಸಕ್ಕರೆ ಹಾಕಿದಳು. ಮರೆತು ಮತ್ತೊಮ್ಮೆ ಹಾಕಿದಳು.

"ವಿರುದ್ಧ ಅಂತ ಯಾರು ಹೇಳಿದ್ರು? ಈ ಸಲ ಇಡ್ರಿಸ್ ಕಡೆಗೇ ಹಾಕ್ತೀನಿ ಅಂದಿದ್ರು. ಇಬ್ರೂ ಒಂದೇ ಕಡೆ ಆದ್ಮೇಲೆ ಜೋಡಿ ಮಾತು ಎಲ್ಲಿಂದ ಬರತ್ತೆ?"

ಇಡ್ರಿಸ್ ಅವಳನ್ನೇ ನೋಡಿದ. ರೋಲಂಡ್ ಜೀವಮಾನದಲ್ಲಿ ಒಮ್ಮೆಯೂ ಪಕ್ಷದ ಗೆರೆ ದಾಟಿದವನಲ್ಲ. ಇದು ಸುಳ್ಳೇ ಇರಬೇಕು ಅನ್ನಿಸಿತು. ಆದರೂ ಅವನ ಕಣ್ಣು ತುಂಬಿ ಬಂತು.

"ನಿಜವಾಗ್ಲೂ ಅಂದಿದ್ನಾ?"

"ನನ್ನ ಗಂಡ ಏನಂದ್ರು ಅಂತ ನಂಗೆ ಗೊತ್ತಿಲ್ವಾ? ಟೀ ಆರಿಹೋಗತ್ತೆ. ಕುಡಿದು ಹೊರಡಿ."

ಟೀ ಕುಡಿದು ಇಡ್ರಿಸ್ ಚರ್ಚಿನ ಬಳಿ ಬಂದಾಗ ಕಟ್ಲರ್ ಓಡಿ ಬಂದು ಕಾರಿನ ಹಿಂಬಾಗಿಲು ತೆಗೆದ. ಇಡ್ರಿಸ್ ಒಳಗೆ ಹತ್ತಿ ಕಿಟಕಿಯ ಅಂಚಿಗೆ ಸರಿದು ಕೂತ. ಕಟ್ಲರ್ ಪಕ್ಕದಲ್ಲಿ ಕೂರಲು ಬಗ್ಗಿದಾಗ ಖಾಲಿ ಸೀಟಿನ ಮೇಲೆ ಕೈಯಿಟ್ಟು ತಡೆದ.

"ನೀನು ಮುಂದೆ ಕೂತ್ಕೋ. ಇಲ್ಲಿ ನನ್ನ ಜೋಡಿ ಇದಾನೆ."