ಕೂಸಿನ ನಿದ್ದೆಗೂ ಕಾವಲು ಬೇಕು

ತಿಕೋಟಾದ ತವರಿಗೆ ಬಾಣಂತನಕ್ಕೆ ಬಂದಿದ್ದ ಸೌಭಾಗ್ಯ ಗಂಡುಮಗುವನ್ನು ಹೆತ್ತು ಇನ್ನೂ ತಿಂಗಳು ತುಂಬಿರಲಿಲ್ಲ. ಹೆರಿಗೆ ಕಷ್ಟದ್ದಾಗಿತ್ತು. ಹುಟ್ಟಿದ ಮರುದಿನವೇ ಕೂಸಿಗೆ ಫಿಟ್ಸ್ ಬಂದು, ವಿಜಯಪುರದ ಆಸ್ಪತ್ರೆಯಲ್ಲಿ ಇಟ್ಟುಕೊಂಡು ಆರೈಕೆ ಮಾಡಿ ಕಳಿಸಿದ್ದರು. ಈಗ ಚೆನ್ನಾಗಿ ಹಾಲು ಕುಡಿಯುತ್ತಿತ್ತು. ಆದರೂ ತಲೆಯೊಳಗೆ ಏನಾದರೂ ಪೆಟ್ಟಾಗಿದೆಯೇ ಎಂದು ತಿಳಿಯಲು ಎಂಆರ್‌ಐ ಸ್ಕ್ಯಾನ್ ಆಗಲೇಬೇಕೆಂದು ಡಾಕ್ಟರು ಹೇಳಿದ್ದರು.

ಒಮ್ಮೆ ಹೋಗಿಯೂ ಬಂದಿದ್ದರು. ಅವತ್ತು ಹೊಟ್ಟೆ ತುಂಬ ಹಾಲು ಕುಡಿಸಿ, ಬಟ್ಟೆಯಲ್ಲಿ ಬೆಚ್ಚಗೆ ಸುತ್ತಿ, ತಾನಾಗಿ ನಿದ್ದೆ ಹತ್ತಿದ ಮೇಲೆ ಯಂತ್ರದೊಳಗೆ ಮಲಗಿಸಿದ್ದರು. ಎಷ್ಟೋ ಕೂಸುಗಳಿಗೆ ಅಷ್ಟೇ ಸಾಕಾಗುತ್ತದೆ. ಈ ಕೂಸು ಮಾತ್ರ ಯಂತ್ರ ಧಡಧಡ ಸದ್ದು ಮಾಡಿದ್ದೇ ತಡ, ಎದ್ದು ಕೈಕಾಲು ಬಡಿಯಿತು. ಅಲುಗಾಡಿದರೆ ಚಿತ್ರ ಸರಿಯಾಗಿ ಬರುವುದಿಲ್ಲ. ಈ ಸಲ ಮಂಪರಿನ ಔಷಧ ಕೊಟ್ಟು ಮಾಡೋಣ ಎಂದು ಮತ್ತೊಂದು ತಾರೀಖು ಕೊಟ್ಟರು.

ಸೌಭಾಗ್ಯಳ ತಾಯಿ ಕಾಳವ್ವನಿಗೆ ಅದೇ ಬೇಡವಾಗಿತ್ತು.

ಕೂಸಿನ ತೂಕ ನೋಡಲು ಬಂದ ಆಶಾ ಕಾರ್ಯಕರ್ತೆ ಶಾಂಭವಿಯ ಮುಂದೆ ಅವಳು ಒಂದೇ ಸಮನೆ ಶುರು ಮಾಡಿದಳು.

"ಅಲ್ಲಬೇ ಶಾಂಭವಿ, ಅಂಗೈಯಷ್ಟ ಕೂಸಿಗೆ ನಿದ್ದಿ ಔಷಧ ಕೊಡೂದಂದ್ರ ಏನ? ಎಚ್ಚರನ ಆಗಲಿಲ್ಲಂದ್ರ? ಅರಕೇರ್ಯಾಗ ನಮ್ಮ ಬೀಗರ ಹುಡುಗಗ ಹಿಂಗ ಕೊಟ್ಟಿದ್ರಂತ. ಅವಗ ಮಾತ ಬರಾಕ ಎಷ್ಟ ತಡಾ ಆತು!"

"ಮಾತ ತಡಾ ಆಗಾಕ ಹತ್ತ ಕಾರಣ ಇರತಾವ ಕಾಕಿ. ಅದನ್ನ ನಾ ಹೇಳಾಕ ಬರಂಗಿಲ್ಲ," ಎಂದಳು ಶಾಂಭವಿ. "ನಿಮಗ ಅಂಜಿಕಿ ಇದ್ರ ಡಾಕ್ಟರ ಮುಂದ ಕೇಳ್ರಿ, ತಪ್ಪೇನೈತಿ? ಆದ್ರ ಹಾಲ ಯಾವಾಗ ನಿಲ್ಲಸ್ರಿ ಅಂತ ಅವರು ಹೇಳ್ಯಾರಲ್ಲ, ಅದನ್ನ ಮಾತ್ರ ಮೀರಬ್ಯಾಡ್ರಿ. ಹೊಟ್ಟ್ಯಾಗ ಹಾಲಿದ್ರ ಮಂಪರಿನ್ಯಾಗ ವಾಂತಿ ಆಗಿ ಉಸರಿನ ದಾರಿಗೆ ಹೋಗತೈತಿ. ಬ್ಯಾರೆ ಏನೂ ಬಾಯಿಗೆ ಹಾಕಬ್ಯಾಡ್ರಿ. ಬೇರು ತೇದ ಗುಟ್ಟಿ ಬ್ಯಾಡ, ಜೇನ ಬ್ಯಾಡ."

ಕಾಳವ್ವ ಹೂಂ ಎಂದಳು. ಮನಸ್ಸು ಮಾತ್ರ ಒಪ್ಪಲಿಲ್ಲ. ಕೂಸು ತಾನಾಗಿ ಗಟ್ಟಿ ಮಲಗಿಬಿಟ್ಟರೆ ಆಸ್ಪತ್ರೆಯ ಔಷಧದ ಗೊಡವೆಯೇ ಇರುವುದಿಲ್ಲವಲ್ಲ ಎಂದು ಒಳಗೊಳಗೇ ಲೆಕ್ಕ ಹಾಕಿದಳು. ಮಗನ ಮಗ ಮುತ್ತುವಿಗೆ ನೆಗಡಿಯಾದಾಗ ತಂದಿದ್ದ ಔಷಧದ ಬಾಟಲಿ ಗೋಡೆಯ ಗೂಡಿನಲ್ಲಿ ಇನ್ನೂ ಇತ್ತು. ಅದನ್ನು ಕುಡಿದಾಗಲೆಲ್ಲ ಹುಡುಗ ಮೈಮರೆತು ಮಲಗುತ್ತಿದ್ದ. ಮುತ್ತುವಿಗೆ ಒಗ್ಗಿದ್ದು ಈ ಕೂಸಿಗೆ ಏನು ಮಾಡೀತು?

ಹೊರಡುವ ದಿನ ಬೆಳಿಗ್ಗೆ ಸೌಭಾಗ್ಯ ಎರೆದುಕೊಳ್ಳಲು ಹೋಗಿದ್ದಳು. ಹಾಲು ನಿಲ್ಲಿಸಿದ್ದರಿಂದ ಕೂಸು ಅಳುತ್ತಿತ್ತು. ಕಾಳವ್ವ ಚಮಚದ ತುದಿಗೆ ಒಂದಿಷ್ಟು ಔಷಧ ಹಾಕಿ ಕುಡಿಸಿದಳು. ಸಾಲದೆನಿಸಿ ಇನ್ನಿಷ್ಟು ಕುಡಿಸಿದಳು.

ಅಳಿಯ ಸಂಗನಬಸವ ಸಾರವಾಡದಿಂದ ಗಾಡಿ ಮಾಡಿಕೊಂಡು ಬಂದ. ದಾರಿಯುದ್ದಕ್ಕೂ ಕೂಸು ಮಿಸುಕಲಿಲ್ಲ.

"ನೋಡ್ರಿ ಅತ್ತಿ, ಇವತ್ತ ಎಷ್ಟ ಶಾಣ್ಯಾ ಆಗ್ಯಾನ!" ಎಂದು ಅವನು ನಕ್ಕ. ಕಾಳವ್ವನಿಗೂ ಗೆದ್ದೆನೆಂಬ ಸಮಾಧಾನ.

ಆಸ್ಪತ್ರೆಯಲ್ಲಿ ಮುಮತಾಜ ಸಿಸ್ಟರ್ ಒಂದೊಂದೇ ಕೇಳಿದರು. ಕೊನೆಯ ಸಲ ಹಾಲು ಕುಡಿಸಿದ್ದು ಯಾವಾಗ? ನೆಗಡಿ, ಕೆಮ್ಮು, ಜ್ವರ ಇದೆಯೇ? ಬೇರೆ ಔಷಧ ಏನಾದರೂ ಕೊಟ್ಟಿದ್ದೀರಾ?

"ಇಲ್ರಿ," ಎಂದಳು ಸೌಭಾಗ್ಯ.

"ಏನೂ ಇಲ್ಲವ್ವಾ," ಎಂದಳು ಕಾಳವ್ವ ಕೂಡ.

ಸಿಸ್ಟರ್ ಕೂಸಿನ ಅಂಗಾಲನ್ನು ಬೆರಳಿನಿಂದ ತಟ್ಟಿದರು. ಮತ್ತೆ ತಟ್ಟಿದರು. ಕೂಸು ಕಾಲು ಎಳೆದುಕೊಳ್ಳಲಿಲ್ಲ. ಅವರ ಮುಖ ಬದಲಾಯಿತು. ಕಾಲಿಗೆ ರಕ್ತದಲ್ಲಿನ ಆಮ್ಲಜನಕ ಅಳೆಯುವ ಕೆಂಪು ದೀಪದ ಪಟ್ಟಿ ಸುತ್ತಿ, ಯಂತ್ರದಲ್ಲಿ ಬಂದ ಅಂಕಿ ನೋಡಿ, ಡಾಕ್ಟರ್ ಅನುಜಾ ಅವರನ್ನು ಕೂಗಿದರು. ಮಂಪರಿನ ಔಷಧ ಕೊಡಬೇಕಾದವರು ಅವರೇ. ಅವರು ಕೂಸಿನ ಕೈ ಎತ್ತಿ ಬಿಟ್ಟರು. ಕೈ ಬಟ್ಟೆಯ ಹಾಗೆ ಕೆಳಗೆ ಬಿತ್ತು.

"ಯಾರರ ಏನರ ಕೊಟ್ಟೀರೇನ್ರಿ?" ಅನುಜಾ ಮೂವರ ಮುಖವನ್ನೂ ನೋಡಿದರು. "ನಾ ಸಿಟ್ಟಿಗೇಳಂಗಿಲ್ಲ. ಆದ್ರ ಗೊತ್ತಿಲ್ಲದಂಗ ಅದರ ಮ್ಯಾಲ ನನ್ನ ಔಷಧ ಕೊಟ್ರ ಕೂಸು ಉಸರಾಡೂದ ನಿಲ್ಲಸ್ತದ. ಈಗ ಹೇಳ್ರಿ."

ಹೇಳಿದರೆ ಮಗಳು ಏನೆಂದಾಳು? ಅಳಿಯನ ಎದುರು ಮುಖ ಎತ್ತುವುದು ಹೇಗೆ? ಕಾಳವ್ವ ಕೂಸಿನ ಕಡೆ ನೋಡಿದಳು. ತುಟಿಯ ಸುತ್ತ ಬಣ್ಣ ಮಾಸಿದ ಹಾಗಿತ್ತು.

"ನಾ ಕೊಟ್ಟೇನ್ರಿ," ಎಂದಳು. "ನೆಗಡಿ ಔಷಧ. ಮುಂಜಾನಿ, ಎರಡ ಸಲ."

"ಅತ್ತೀ, ಏನ ಮಾಡಿದ್ರಿ!" ಸಂಗನಬಸವ ದನಿ ಏರಿಸಿದ. ಸೌಭಾಗ್ಯ ಕೂಸಿನ ಕಡೆ ಕೈ ಚಾಚಿದಳು.

"ಜಗಳ ಆಮ್ಯಾಲ," ಎಂದು ಅನುಜಾ ಕೂಸನ್ನು ಎತ್ತಿಕೊಂಡು ಒಳಗೆ ನಡೆದರು.

ಸ್ಕ್ಯಾನ್ ನಿಂತಿತು. ಕೂಸಿಗೆ ಆಮ್ಲಜನಕ ಕೊಟ್ಟು, ಒಬ್ಬರು ಬಿಡದೆ ಪಕ್ಕದಲ್ಲಿ ಕುಳಿತು ಉಸಿರು ನೋಡುತ್ತಿದ್ದರು. ಹೊರಗಿನ ಬೆಂಚಿನ ಮೇಲೆ ಮೂವರೂ ಬಾಗಿಲನ್ನೇ ನೋಡುತ್ತ ಕುಳಿತಿದ್ದರು. ಇಳಿಹೊತ್ತಿಗೆ ಒಳಗಿನಿಂದ ಅಳು ಕೇಳಿಸಿತು. ಮೊದಲು ಸಣ್ಣಗೆ, ಆಮೇಲೆ ಇಡೀ ವಾರ್ಡಿಗೆ ಕೇಳುವಷ್ಟು ಜೋರಾಗಿ. ಕಾಳವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅತ್ತಳು.

ಕೂಸನ್ನು ಮರುದಿನದವರೆಗೆ ಅಲ್ಲೇ ಇಟ್ಟುಕೊಂಡರು. ಮನೆಗೆ ಕಳಿಸುವ ಮುನ್ನ ಅನುಜಾ ಬಂದು ಕಾಳವ್ವನ ಪಕ್ಕ ಕುಳಿತರು.

"ನಿಮ್ಮ ಔಷಧಕ್ಕ ಅಂಜಿ ಕೊಟ್ಟೇನ್ರಿ ಡಾಕ್ಟರಬಾಯಿ. ಕೂಸಿಗೆ ಕೆಟ್ಟ ಬಯಸಿ ಅಲ್ಲ."

"ಗೊತ್ತದರಿ. ಆದ್ರ ಆ ನೆಗಡಿ ಔಷಧ ದೊಡ್ಡ ಹುಡುಗರದು. ಇಷ್ಟ ಸಣ್ಣ ಕೂಸಿಗೆ ಅದು ವಿಷ ಇದ್ದಂಗ."

"ನಿಮ್ಮ ಔಷಧದಾಗ ಅಪಾಯ ಇಲ್ಲೇನ್ರಿ ಮತ್ತ?"

"ಅದ. ಇಲ್ಲಂದ್ರ ಸುಳ್ಳ ಹೇಳಿದಂಗ ಆಗ್ತದ. ಮಂಪರಿನ್ಯಾಗ ನವಜಾತ ಕೂಸಿನ ಉಸರು ಲಗೂ ಕಡಿಮಿ ಆಗ್ತದ. ಅದಕ್ಕ ನಾವು ತೂಕ ನೋಡಿ ಔಷಧ ಅಳೀತೀವಿ. ಕೊಟ್ಟಮ್ಯಾಲ ನಾ ಕೂಸಿನ ಬಿಟ್ಟು ಆಚೀಚೆ ಹೋಗಂಗಿಲ್ಲ. ಉಸರು ಇಳದ್ರ ತಕ್ಷಣ ಎತ್ತಾಕ ಎಲ್ಲಾ ಸಾಮಾನು ಕೈಯಾಗ ಇರ್ತದ. ನಿಮ್ಮ ಮನ್ಯಾಗ, ಗಾಡ್ಯಾಗ ಯಾರ ನೋಡತಿದ್ರು?"

ಕಾಳವ್ವ, "ಬುದ್ಧಿ ಮಂದ ಆಗಂಗಿಲ್ಲೇನ್ರಿ?" ಎಂದು ಕೇಳಿದಳು.

"ಒಮ್ಮೆ, ಸ್ವಲ್ಪ ಹೊತ್ತು ಕೊಟ್ಟದ್ದಕ್ಕ ಹಂಗಾಗ್ತದ ಅಂತ ಇಲ್ಲೀತನಕ ಕಂಡಿಲ್ಲ. ತಾಸುಗಟ್ಟಲೆ, ಪದೇಪದೇ ಕೊಡೂ ಪ್ರಸಂಗ ಬಂದ್ರ ನಾವೂ ಬಹಳ ವಿಚಾರ ಮಾಡ್ತೀವಿ. ನಿಮ್ಮ ಕೂಸಿಗೆ ಸ್ಕ್ಯಾನ್ ಮಾಡದ ಬಿಡೂದ ಹೆಚ್ಚು ಅಪಾಯ ಅನಸ್ತದ ನನಗ."

ಮುಂದಿನ ವಾರ ಮತ್ತೆ ಹೋದರು. ಸೌಭಾಗ್ಯ ಅಷ್ಟು ದಿನವೂ ತಾಯಿಯ ಜೊತೆ ಎಷ್ಟು ಬೇಕೋ ಅಷ್ಟೇ ಮಾತಾಡಿದ್ದಳು. ಈ ಸಲ ಸಿಸ್ಟರ್ ಕೇಳುವ ಮೊದಲೇ ಕಾಳವ್ವ, "ಹಾಲು ಬಿಟ್ರ ಏನೂ ಕೊಟ್ಟಿಲ್ರಿ. ಅದೂ ನೀವು ಹೇಳಿದ ಹೊತ್ತಿಗೆ ನಿಲ್ಲಿಸೇವಿ," ಎಂದಳು. ಗಾಜಿನ ಕಿಟಕಿಯಾಚೆ ಅನುಜಾ ಪರದೆಯಿಂದ ಕಣ್ಣು ಕೀಳದೆ ನಿಂತಿದ್ದುದನ್ನು ಅವಳೇ ಕಂಡಳು. ಸ್ಕ್ಯಾನ್ ಮುಗಿದು ಕೂಸು ಪೂರ್ತಿ ಎಚ್ಚರವಾಗಿ, ಹಾಲು ಕುಡಿದು ಅರಗಿಸಿಕೊಂಡ ಮೇಲೆಯೇ ಮನೆಗೆ ಹೋಗಲು ಬಿಟ್ಟರು.

ತಲೆಯಲ್ಲಿ ಒಂದು ಸಣ್ಣ ಪೆಟ್ಟಿನ ಗುರುತು ಕಂಡಿತ್ತು. ಬೇಗ ತಿಳಿದದ್ದು ಒಳ್ಳೆಯದಾಯಿತು, ಈಗಿನಿಂದಲೇ ಕೈಕಾಲಿನ ವ್ಯಾಯಾಮ ಮಾಡಿಸಿ, ತಪ್ಪದೆ ತೋರಿಸುತ್ತಿರಿ ಎಂದು ಡಾಕ್ಟರು ಹೇಳಿದರು.

ಗಾಡಿ ಹತ್ತುವಾಗ ಸೌಭಾಗ್ಯ ಕೂಸನ್ನು ತಾಯಿಯ ಕೈಗೆ ಕೊಟ್ಟಳು. "ಹಿಡೀಬೇ ಯವ್ವಾ. ನಿನ್ನ ಕೈಯಾಗ ಸುಮ್ಮನಿರತಾನ."

ಓದುತ್ತಿರುವ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ಎಳೆಗೂಸಿಗೆ ಮಂಪರಿನ ಔಷಧ ಬೇಕೆಂದು ಡಾಕ್ಟರು ಹೇಳಿದರೆ ಹೆದರಿ ಓಡಬೇಡಿ, ಬಾಯಿ ಮುಚ್ಚಿಕೊಂಡು ಒಪ್ಪಲೂ ಬೇಡಿ. ಇದು ಬೇಕೇ ಬೇಕೇ? ಔಷಧವಿಲ್ಲದೆ ಆಗದೇ? ಕೊಟ್ಟ ಮೇಲೆ ಕೂಸಿನ ಪಕ್ಕ ಯಾರಿರುತ್ತಾರೆ? ಧೈರ್ಯವಾಗಿ ಕೇಳಿ. ಹಾಲು ನಿಲ್ಲಿಸುವ ಹೊತ್ತನ್ನು ಅವರಿಂದಲೇ ತಿಳಿದುಕೊಳ್ಳಿ. ದಿನ ತುಂಬುವ ಮೊದಲೇ ಹುಟ್ಟಿದ್ದರೆ, ನೆಗಡಿಯಿದ್ದರೆ, ಫಿಟ್ಸ್ ಬಂದಿದ್ದರೆ ಅದನ್ನೂ ತಿಳಿಸಿ. ಕೂಸನ್ನು ಮಲಗಿಸಲು ಮನೆಯಲ್ಲಿ ಯಾವ ಔಷಧವನ್ನೂ ಕೊಡಬೇಡಿ. ಅಕಸ್ಮಾತ್ ಕೊಟ್ಟಿದ್ದರೆ ಮುಚ್ಚಿಡಬೇಡಿ. ಬೈಗುಳ ಬಿದ್ದರೂ ಸರಿ, ಹೇಳಿಬಿಡಿ.