ಐದು ಸಾವಿರ ಸುತ್ತು

ನನ್ನ ಗಿಟಾರಿನ ತಲೆಯ ಮೇಲೆ ಬರೆದಿದ್ದ ಹೆಸರನ್ನು ಓದಬಲ್ಲವರು ಮುಂಬಯಿಯಲ್ಲಿ ಒಬ್ಬರೂ ಸಿಗಲಿಲ್ಲ. ಅದು ಯಾವ ದೇಶದ ಲಿಪಿಯೋ ದೇವರಿಗೇ ಗೊತ್ತು. ಹಡಗಿನಲ್ಲಿ ಅಡುಗೆಗಿದ್ದ ಗೋವೆಯವನೊಬ್ಬನಿಂದ ಕೊಂಡದ್ದು. ಅವನು ಅದನ್ನು ಯಾವುದೋ ಬಂದರಿನಲ್ಲಿ ಇಸ್ಪೀಟಾಡಿ ಗೆದ್ದಿದ್ದನಂತೆ. ಕೆಂಪು ಮೈ, ಬಿಳಿ ಎದೆ, ಎದೆಯ ಮೇಲೆ ಸಾಲಾಗಿ ಆರು ಸ್ವಿಚ್ಚು. ಅವುಗಳಲ್ಲಿ ನಾಲ್ಕು ಏನು ಮಾಡುತ್ತವೆಂದು ನನಗೂ ತಿಳಿದಿರಲಿಲ್ಲ. ಅದಕ್ಕೇನಂತೆ! ಇಡೀ ಶಹರದಲ್ಲಿ ಅಂಥದ್ದು ಇನ್ನೊಂದಿರಲಿಲ್ಲ, ಮತ್ತು ಅದು ಜೋಗೇಶ್ವರಿಯ ಹೋಟೆಲಿನಲ್ಲಿ ದೋಸೆ ಹೊಯ್ಯುವ ಶೇಖರನದ್ದು, ಅಂದರೆ ನನ್ನದು. ೧೯೭೩ರಲ್ಲಿ ನನ್ನಷ್ಟು ಸುಖಿ ಈ ಊರಿನಲ್ಲಿ ಬೇರೆ ಇರಲಿಲ್ಲ.

ಅದಕ್ಕಿದ್ದದ್ದು ಒಂದೇ ರೋಗ. ಆಂಪ್ಲಿಫೈಯರಿನ ಗುಂಡಿಯನ್ನು ಅರ್ಧಕ್ಕಿಂತ ಮುಂದೆ ತಿರುಗಿಸಿದರೆ, ನಾನು ತಂತಿ ಮುಟ್ಟದಿದ್ದರೂ, ಕೂಯ್ ಎಂದು ಸಿಳ್ಳೆ ಹೊಡೆಯುತ್ತಿತ್ತು.

ನಮ್ಮ ಆರ್ಕೆಸ್ಟ್ರಾದ ಯಜಮಾನರು ಪೂವಪ್ಪಣ್ಣ. ಮುಲುಂಡಿನಲ್ಲಿ ಹೋಟೆಲ್ ಮ್ಯಾನೇಜರು, ಅಕಾರ್ಡಿಯನ್ ನುಡಿಸುವವರು, ಆಂಪ್ಲಿಫೈಯರೂ ಅವರದೇ. ಭಾನುವಾರ ಮಧ್ಯಾಹ್ನ ಕನ್ನಡ ಸಂಘದ ವಾರ್ಷಿಕೋತ್ಸವ. ಬುಧವಾರದ ಪ್ರಾಕ್ಟೀಸಿನಲ್ಲಿ ಗಿಟಾರು ಮೂರನೆಯ ಸಲ ಕೂಗಿದಾಗ ಅವರು ಅಕಾರ್ಡಿಯನ್ ಕೆಳಗಿಟ್ಟರು.

"ಎಂತ ಮಾರಾಯ, ಇದು ಗಿಟಾರಾ ಅಥವಾ ಲೋಕಲ್ ಗಾಡಿಯ ಗಾರ್ಡನ ಸೀಟಿಯಾ? ಭಾನುವಾರ ಒಂದೇ ಒಂದು ಸಲ ಕೂಗಿದ್ರೆ ನಿನ್ನ ಕೈಗೆ ಗಿಲಕಿ. ಮತ್ತೆ ನಾನಿರುವಷ್ಟು ದಿವಸ ನಿನಗೆ ಗಿಲಕಿಯೇ."

ಎರಡು ವರ್ಷ ಊರಿನ ರಜೆ ಬಿಟ್ಟು ದುಡಿದು ಕೊಂಡ ಗಿಟಾರನ್ನು ಬದಿಗಿಟ್ಟು, ಮಗುವಿನ ಹಾಗೆ ಗಿಲಕಿ ಅಲ್ಲಾಡಿಸುವುದೆ? ಮರುದಿನ ನಾನೇ ಸ್ಕ್ರೂಡ್ರೈವರ್ ಹಿಡಿದು ಕೂತೆ. ತಂತಿಗಳ ಕೆಳಗೆ ಒಂದು ಪುಟ್ಟ ಡಬ್ಬಿ, ಅದರೊಳಗೆ ಅಯಸ್ಕಾಂತ, ಅದರ ಸುತ್ತ ಕೂದಲಿಗಿಂತ ತೆಳ್ಳಗಿನ ತಾಮ್ರದ ಎಳೆ. ಮೇಲಿನ ತಂತಿ ನಡುಗಿದ್ದನ್ನು ಹಿಡಿದು ಆಂಪ್ಲಿಫೈಯರಿಗೆ ಮುಟ್ಟಿಸುವುದು ಇದೇ. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದೆ. ಸ್ಕ್ರೂಡ್ರೈವರ್ ಜಾರಿತು, ಎಳೆಗಳು ಹರಿದವು. ಈಗ ಸಿಳ್ಳೆಯೂ ಇಲ್ಲ, ಸ್ವರವೂ ಇಲ್ಲ.

ಧೋಬಿ ತಲಾವಿನ ವಾದ್ಯದಂಗಡಿಯವನು ಇಂಥ ಸಾಮಾನು ಹಿಂದುಸ್ಥಾನದಲ್ಲೇ ಸಿಗದು ಎಂದು ನಕ್ಕು ಕಳಿಸಿದ. ಹೋಟೆಲಿಗೆ ಮರಳಿ ಕಾವಲಿಯ ಮುಂದೆ ನಿಂತಾಗ ತಲೆಯ ಮೇಲೆ ಫ್ಯಾನು ತಿರುಗುತ್ತಿತ್ತು. ಹೋದ ಬೇಸಿಗೆಯಲ್ಲಿ ಅದರ ಕಾಯಿಲ್ ಸುಟ್ಟಾಗ ಹೊಸ ತಂತಿ ಸುತ್ತಿಕೊಟ್ಟವನು ಹಿಂದಿನ ಗಲ್ಲಿಯ ಖಂಡಪ್ಪಣ್ಣ. ನಾನು ಸಟ್ಟುಗ ಬಿಟ್ಟು ಓಡಿದೆ.

ಬಾಗಲಕೋಟೆ ಕಡೆಯ ಖಂಡಪ್ಪಣ್ಣ ಗಿಟಾರನ್ನು ತೊಡೆಯ ಮೇಲೆ ಮಲಗಿಸಿಕೊಂಡು ಹೆಂಡತಿಯನ್ನು ಕರೆದ. "ಸುಂದ್ರವ್ವಾ, ಇಲ್ ನೋಡ ಬಾ! ಇದು ಬಾರ್ಸೂದೋ, ದೀಪಾ ಹಚ್ಚೂದೋ? ಎಷ್ಟ್ ಸ್ವಿಚ್ಚವ!" ಆಮೇಲೆ ನನ್ನ ಕಡೆ ತಿರುಗಿ, "ಎಷ್ಟ್ ಸುತ್ತ ಇದ್ದುವು ತಮ್ಮಾ?"

"ಗೊತ್ತಿಲ್ಲ ಅಣ್ಣಾ."

"ಹಂಗಾರ ಐದು ಸಾವಿರ ಸುತ್ತೂಣು. ಮುಂದಿಂದು ಶಿವನ ಇಚ್ಛಾ."

ಎಲ್ಲಿಂದಲೋ ಹಳೆ ಟೆಲಿಫೋನಿನ ಕಾಯಿಲ್ ತೆಗೆದು ಎಳೆ ಬಿಚ್ಚಿದ. ಫ್ಯಾನಿನ ಕೆಲಸದ ದಪ್ಪ ಬೆರಳುಗಳು ಅಷ್ಟು ಸಣ್ಣ ಎಳೆಯನ್ನು ಹೇಗೆ ಹಿಡಿದವೋ, ನನಗೆ ಈಗಲೂ ಬೆರಗು. ಕೈಯಂತ್ರದ ಹಿಡಿಕೆ ತಿರುಗಿಸುತ್ತ ಮೊದಲ ಸುತ್ತಿಗೆ ಅವನು 'ಒಂದು' ಎನ್ನಲಿಲ್ಲ. "ಲಾಭ" ಎಂದ. ಅವರ ಊರಿನಲ್ಲಿ ರಾಶಿ ಅಳೆಯುವಾಗ ಮೊದಲನೆಯ ಅಳತೆಗೆ ಹಾಗೆ ಅನ್ನುವುದಂತೆ. ಲಾಭದಿಂದ ಶುರುವಾದ ಎಣಿಕೆ ಬೆಳೆಯುತ್ತ ಹೋಗುತ್ತದಂತೆ. "ಎರಡು, ಮೂರು, ನಾಲ್ಕು..." ನಾನು ಬಾಯಿ ತೆರೆದರೆ ಸುಂದ್ರವ್ವ ಕಣ್ಣು ಕೆಕ್ಕರಿಸುತ್ತಿದ್ದಳು. ಎಂಟುನೂರರ ಹೊತ್ತಿಗೆ ನನ್ನನ್ನು ಹೊರಗೇ ಅಟ್ಟಿದಳು.

ಶನಿವಾರ ಹೋಗಿ ನೋಡುತ್ತೇನೆ, ಉರಿಯುವ ದೊಡ್ಡ ಬಲ್ಬಿನ ಕೆಳಗೆ ಫ್ಯಾನಿನ ಕಾಯಿಲ್‌ಗಳ ಸಾಲಿನಲ್ಲಿ ನನ್ನ ಪುಟ್ಟ ಕಾಯಿಲ್ ನೇತಾಡುತ್ತಿತ್ತು. ಅಡಿಯಿಂದ ಮುಡಿವರೆಗೆ ಕಂದು ವಾರ್ನಿಶ್. ಒಣಗಿ ಕಲ್ಲಾಗಿತ್ತು.

"ಇದೆಂತ ಮಾಡಿದ್ರಿ! ಇದು ಫ್ಯಾನಾ? ತಂತಿ ನಡುಗುದನ್ನು ಕೇಳ್ಬೇಕಾದ ಕಿವಿ ಮಾರಾಯ್ರೆ ಇದು! ಕಿವಿಯನ್ನೇ ಮುಚ್ಚಿಬಿಟ್ರಲ್ಲ!"

"ವಾರ್ನಿಶ್ ಕುಡೀಲಾರದ ಕಾಯಿಲ್ ಇಲ್ಲೀತನಾ ನನ್ನ ಹೊಸ್ತಿಲಾ ದಾಟಿಲ್ಲ," ಖಂಡಪ್ಪಣ್ಣ ಮೆಲ್ಲಗೆ ಹೇಳಿದ. "ಸುತ್ತು ಸಡಿಲ ಇದ್ರ ನಡಗ್ತಾವು. ನಡಗಿದ್ರ ಕೂಗ್ತಾವು."

ಕೇಳಿಸಿಕೊಳ್ಳುವಷ್ಟು ವ್ಯವಧಾನ ನನಗೆಲ್ಲಿತ್ತು? ಫ್ಯಾನು ಕಟ್ಟುವವರ ಹತ್ತಿರ ತಂದದ್ದು ನನ್ನದೇ ತಪ್ಪು ಎಂದುಬಿಟ್ಟೆ. ಅವನು ಕಾಯಿಲನ್ನು ಗಿಟಾರಿಗೆ ಕೂರಿಸಿ, ಬೆಸುಗೆ ಹಾಕಿ, ಮುಖ ನೋಡದೆ ಕೈಗಿತ್ತ. ಆ ಮಾತು ಆಡಬಾರದಿತ್ತು. ಬೀದಿಗೆ ಬರುವಷ್ಟರಲ್ಲೇ ನಾಚಿಕೆಯಾಯಿತು, ಆದರೂ ಹಿಂದಿರುಗಲಿಲ್ಲ.

ಆಂಪ್ಲಿಫೈಯರ್ ಮುಲುಂಡಿನಲ್ಲಿ, ಗಿಟಾರು ಜೋಗೇಶ್ವರಿಯಲ್ಲಿ. ಪರೀಕ್ಷೆ ಏನಿದ್ದರೂ ಸ್ಟೇಜಿನ ಮೇಲೆಯೇ. ಭಾನುವಾರ ಶಾಲೆಯ ಹಾಲ್ ಕಿಕ್ಕಿರಿದಿತ್ತು. ಅರ್ಧ ನಮ್ಮ ಹೋಟೆಲಿನವರು, ಅರ್ಧ ಕಟ್ಟಡದ ಕೆಲಸದ ಬಿಜಾಪುರ, ಬಾಗಲಕೋಟೆಯವರು. ಎರಡನೆಯ ಸಾಲಿನಲ್ಲಿ ಸುಂದ್ರವ್ವ ಹೂ ಮುಡಿದು ಕೂತಿದ್ದಳು. ಪಕ್ಕದಲ್ಲಿ ಖಂಡಪ್ಪಣ್ಣ. ನಾನು ಅಷ್ಟು ಅಂದಮೇಲೂ ಬಂದಿದ್ದ! ಆದರೆ ನನ್ನತ್ತ ನೋಡದೆ ಮೇಲಿನ ಫ್ಯಾನು ನೋಡುತ್ತಿದ್ದ. ಪೂವಪ್ಪಣ್ಣ ನನ್ನ ಪಕ್ಕದ ಸ್ಟೂಲಿನ ಮೇಲೆ ಗಿಲಕಿ ಇಟ್ಟೇ ಬಿಟ್ಟಿದ್ದರು.

ಗುಂಡಿ ತಿರುಗಿಸಿದೆ. ಅರ್ಧ. ಸಿಳ್ಳೆ ಏಳುತ್ತಿದ್ದ ಜಾಗ ಅದು, ಸದ್ದಿಲ್ಲ. ಮುಕ್ಕಾಲು. ಆಗಲೂ ಸದ್ದಿಲ್ಲ. ಕಾಯಿಲ್ ಸತ್ತಿದೆ, ನಾನೂ ಸತ್ತೆ ಎಂದುಕೊಂಡೆ. ಕೈ ಗಿಲಕಿಯತ್ತ ಹೋಗುವ ಮೊದಲು, ಸುಮ್ಮನೆ, ಕೊನೆಯದಾಗಿ ದಪ್ಪ ತಂತಿಯನ್ನೊಮ್ಮೆ ಮೀಟಿದೆ.

ಅಬ್ಬಾ! ಕಿಟಕಿಯ ಗಾಜುಗಳು ಝಲ್ಲೆಂದವು. ಮುಂದಿನ ಸಾಲಿನ ಹೆಂಗಸರು ಕಿವಿ ಮುಚ್ಚಿ ನಕ್ಕರು. ನುಣುಪಾದ, ತುಂಬಿದ, ತಳ ಕಾಣದ ಸ್ವರ. ಕೈ ಇಟ್ಟು ತಂತಿ ತಡೆದೆ. ಸ್ವರ ನಿಂತಿತು, ಸಿಳ್ಳೆ ಏಳಲಿಲ್ಲ. ಐದು ಸಾವಿರ ಸುತ್ತನ್ನೂ ವಾರ್ನಿಶ್ ಅಲುಗಾಡದಂತೆ ಹಿಡಿದಿತ್ತು. ನಡುಗದ್ದು ಕೂಗುವುದು ಹೇಗೆ? ಹಡಗು ಹತ್ತಿ ಬಂದ ಗಿಟಾರಿನ ರೋಗಕ್ಕೆ ಮದ್ದು ಜೋಗೇಶ್ವರಿಯ ಫ್ಯಾನಿನಂಗಡಿಯ ಡಬ್ಬದಲ್ಲಿತ್ತು! ನಾನು ಗುಂಡಿಯನ್ನು ಕೊನೆಯವರೆಗೂ ತಿರುಗಿಸಿ ನುಡಿಸಿದೆ. ಪೂವಪ್ಪಣ್ಣನ ಅಕಾರ್ಡಿಯನ್ ಎಲ್ಲಿತ್ತೆಂದು ಯಾರಿಗೂ ಕೇಳಿಸಿರಲಾರದು.

ಹಾಡು ಮುಗಿದಾಗ ನಾನು ಸ್ಟೇಜಿನ ಅಂಚಿಗೆ ಬಂದು ಎಲ್ಲರೆದುರು ಖಂಡಪ್ಪಣ್ಣನಿಗೆ ಕೈಮುಗಿದೆ. "ತಪ್ಪಾಯ್ತಣ್ಣಾ," ಎಂದೆ. ಆಗ ಅವನು ಫ್ಯಾನು ನೋಡುವುದನ್ನು ಬಿಟ್ಟ. ಎದ್ದು ನಿಂತು, ಅಂಗೈ ಬಾಯಿಗೆ ಹಿಡಿದು, ಕಣದಲ್ಲಿ ಕೂಗುವಂತೆ ಕೂಗಿದ:

"ಲಾಭ!"

ಬಾಗಲಕೋಟೆಯವರಿಗೆ ಬಿಡಿಸಿ ಹೇಳಬೇಕೆ? ಹಿಂದೆ ಕೂತಿದ್ದ ಅವರೆಲ್ಲ ನಗುತ್ತ ಎದ್ದರು. ಮುಂದಿನದನ್ನು ನುಡಿಸಿದೆ. "ಎರಡು!" ಇನ್ನೊಂದು ನುಡಿಸಿದೆ. "ಮೂರು!" ಈ ಸಲ ಹೋಟೆಲಿನವರೂ ಸೇರಿಕೊಂಡರು.

ಪೂವಪ್ಪಣ್ಣ ಬೆವರು ಒರೆಸುತ್ತ ಹತ್ತಿರ ಬಂದರು. "ಇವರು ಎಷ್ಟರವರೆಗೆ ಎಣಿಸ್ತಾರೆ ಮಾರಾಯ?"

"ಐದು ಸಾವಿರದವರೆಗೆ ಅಣ್ಣಾ," ಎಂದು ಸ್ಟೂಲಿನ ಮೇಲಿನ ಗಿಲಕಿಯನ್ನು ಅವರ ಕೈಗೆ ಕೊಟ್ಟೆ.